ಮುಟ್ಟಿ ತಿಳಿಯುವ ಗಿಡ

ಮುಲ್ಲೀನ್ ಗಿಡದ ಗುರುತು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಎಲೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದರೆ ಬಾಣಂತಿ ಕೋಣೆಯಲ್ಲಿ ಒಣಹಾಕಿದ ಕೂಸಿನ ಕುಲಾವಿ ಮುಟ್ಟಿದ ಹಾಗಾಗುತ್ತದೆ. ದಪ್ಪ, ಮೆತ್ತಗೆ, ಬೆಚ್ಚಗೆ. ಎಲೆ ಎಂದರೆ ನುಣುಪು ಇಲ್ಲವೇ ತರಿ, ಇವೆರಡೇ ಗೊತ್ತಿದ್ದ ನನ್ನ ಮಲೆನಾಡಿನ ಬೆರಳಿಗೆ ಇದು ಹೊಸ ಸ್ಪರ್ಶ. ದೊಡ್ಡಪತ್ರೆಗೂ ರೋಮವಿದೆ, ಆದರೆ ಅದು ಮೈತುಂಬ ನೀರು ತುಂಬಿಕೊಂಡ ಎಲೆ, ಹಿಸುಕಿದರೆ ಪಟಕ್ಕನೆ ಮುರಿಯುತ್ತದೆ. ಇದು ಹಿಸುಕಿದರೆ ಮಡಚಿಕೊಳ್ಳುತ್ತದೆ, ಬಿಟ್ಟರೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ.

ಗಿಡ ಕಂಡಿದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಲ್ಯಾನ್ಸಿಂಗ್ ಊರಿನ ಹೊರಗೆ, ರೈಲು ಹಳಿಯ ಪಕ್ಕದ ಜಲ್ಲಿಯಲ್ಲಿ. ಅಕ್ಕನ ಮಗಳ ಮನೆಗೆ ಬೇಸಿಗೆಯಲ್ಲಿ ಹೋಗಿದ್ದೆ, ಜೊತೆಗೆ ಒಂದು ಕೆಮ್ಮೂ ಇತ್ತು. ವೀಸಾ ಮಾಡಿಸಿಕೊಂಡು ಮಕ್ಕಳ ಮನೆಗೆ ಹೋಗುವ ನಮ್ಮಂಥವರಿಗೆ ಅಲ್ಲಿ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ಸೊಪ್ಪು ಹುಡುಕುವ ಚಾಳಿ ಮಾತ್ರ ವಿಮಾನ ಹತ್ತಿಸಿದರೂ ಬಿಡುವುದಿಲ್ಲ. ಬೇಲಿ ಸಾಲು ಕಂಡರೆ ತಂಬುಳಿಗೆ ಏನಾದರೂ ಸಿಕ್ಕೀತೇ ಎಂದು ಕಣ್ಣು ತಾನಾಗಿ ಅತ್ತ ಹೋಗುತ್ತದೆ.

"ಚಿಕ್ಕಮ್ಮ, ಅದು ಬರೀ ಕಳೆ. ಇಲ್ಲಿ ಎಲ್ಲ ಕಡೆ ಇರತ್ತೆ," ಎಂದಳು ಹುಡುಗಿ.

"ಒಂದೆಲಗನೂ ಎಲ್ಲ ಕಡೆ ಇರತ್ತೆ. ಇದರ ಹೆಸರೇನೇ?"

ಅವಳು ಫೋನಿನಲ್ಲಿ ಫೋಟೊ ತೆಗೆದಳು. ಫೋನು ಎರಡು ಹೆಸರು ಕೊಟ್ಟಿತು. ಮೊದಲನೆಯದು ಮುಲ್ಲೀನ್, ಸಸ್ಯಶಾಸ್ತ್ರದ ಭಾಷೆಯಲ್ಲಿ ವರ್ಬ್ಯಾಸ್ಕಮ್ ಥ್ಯಾಪ್ಸಸ್. ಎರಡನೆಯದು ಫಾಕ್ಸ್‌ಗ್ಲವ್. ಎರಡರಲ್ಲಿ ಯಾವುದೆಂದು ನೀವೇ ನೋಡಿಕೊಳ್ಳಿ ಎಂದು ಸುಮ್ಮನಾಯಿತು.

ಆ ಸುಮ್ಮನಿರುವಿಕೆ ಸಣ್ಣ ವಿಷಯವಲ್ಲ. ಎರಡೂ ಮೊದಲ ವರ್ಷ ನೆಲಕ್ಕೆ ಒತ್ತಿಕೊಂಡ ಎಲೆಗಳ ಚಕ್ರವಾಗಿ ಕೂತಿರುತ್ತವೆ. ಎರಡಕ್ಕೂ ರೋಮ. ಎರಡೂ ಮರುವರ್ಷ ನೆಟ್ಟಗೆ ಕೋಲು ಎಬ್ಬಿಸಿ ಹೂ ಬಿಡುತ್ತವೆ. ಒಂದನ್ನು ಕುದಿಸಿ ಕುಡಿದರೆ ಗಂಟಲಿಗೆ ಹಿತ, ಇನ್ನೊಂದನ್ನು ಕುಡಿದರೆ ಹೃದಯದ ತಾಳ ತಪ್ಪಿ ಪ್ರಾಣಕ್ಕೇ ಸಂಚಕಾರ. ಫಾಕ್ಸ್‌ಗ್ಲವ್ ಎಂದರೆ ಡಿಜಿಟಾಲಿಸ್. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲೆಂಡಿನ ವೈದ್ಯ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಮೈ ಊದಿಕೊಂಡ ರೋಗಿಗಳಿಗೆ ಈ ಎಲೆ ಕೊಟ್ಟು, ಎಷ್ಟಕ್ಕೆ ಮದ್ದು, ಎಷ್ಟು ದಾಟಿದರೆ ವಿಷ ಎಂದು ಒಬ್ಬೊಬ್ಬರ ಕಥೆಯನ್ನೂ ಬರೆದಿಟ್ಟ. ಹೃದ್ರೋಗದ ಚಿಕಿತ್ಸೆಯಲ್ಲಿ ಅದೊಂದು ದೊಡ್ಡ ಮೈಲಿಗಲ್ಲು. ನಮ್ಮ ನೀಲಗಿರಿಯ ತಂಪಿನಲ್ಲೂ ಈ ಗಿಡ ತೋಟ ಬಿಟ್ಟು ಕಾಡಿಗಿಳಿದಿದೆ, ಆದ್ದರಿಂದ ಊಟಿ ಕಡೆ ಸೊಪ್ಪು ಕೀಳುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾಗಿ ಮತ್ತೆ ಬೆರಳಿಗೇ ಬರಬೇಕು. ಫಾಕ್ಸ್‌ಗ್ಲವ್ ಎಲೆಯ ಮೇಲ್ಮೈ ಹಸಿರು, ಅಡಿ ಪೇಲವ, ನರಗಳು ಬಲೆ ಹೆಣೆದಂತೆ ಎದ್ದು ಕಾಣುತ್ತವೆ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ರೋಮವಿದ್ದರೂ ಅದರ ಕೆಳಗೆ ಎಲೆಯ ಚರ್ಮ ಕೈಗೆ ಗೊತ್ತಾಗುತ್ತದೆ. ಮುಲ್ಲೀನಿನಲ್ಲಿ ಚರ್ಮ ಕೈಗೆ ಸಿಗುವುದೇ ಇಲ್ಲ. ಮೇಲೂ ಕೆಳಗೂ ಒಂದೇ ಬೂದುಹಸಿರು, ಒಂದೇ ದಪ್ಪದ ಉಣ್ಣೆ. ಎರಡನೇ ವರ್ಷ ಕೋಲು ಎದ್ದ ಮೇಲೆ ಇನ್ನೊಂದು ಗುರುತು ಸೇರಿಕೊಳ್ಳುತ್ತದೆ: ಎಲೆಯ ಬುಡ ಕಾಂಡಕ್ಕೆ ಅಂಟಿ ನಿಲ್ಲದೆ, ಕಾಂಡದುದ್ದಕ್ಕೂ ರೆಕ್ಕೆಯಾಗಿ ಕೆಳಗಿನ ಎಲೆಯವರೆಗೆ ಇಳಿದಿರುತ್ತದೆ. ಮಳೆ ನೀರು ಆ ರೆಕ್ಕೆಗುಂಟ ಎಲೆಯಿಂದ ಎಲೆಗೆ ಜಾರಿ ನೇರ ಬೇರಿಗೆ ಹೋಗುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಒಂದೇ ದಾರಿ: ಒಂದು ವರ್ಷ ಕಾಯುವುದು. ಹೂ ಬಂದ ಮೇಲೆ ಮೋಸವಿಲ್ಲ. ಒಂದರದು ಜೋತುಬಿದ್ದ ನೇರಳೆ ಗಂಟೆ, ಇನ್ನೊಂದರದು ಹೊರಕ್ಕೆ ಮುಖ ಮಾಡಿದ ಐದೆಸಳಿನ ಹಳದಿ ಹೂ.

ಒಂದು ಎಲೆ ಕೀಳಲು ಒಂದು ವರ್ಷ ಕಾಯಬೇಕು ಎಂಬ ಸಲಹೆ ಕೇಳಿ ಹುಡುಗಿ ನಕ್ಕಳು. ನನಗೆ ಮಾತ್ರ ಇದರಲ್ಲೇ ಈ ಗಿಡದ ಸ್ವಭಾವವೆಲ್ಲ ಇದೆ ಅನ್ನಿಸಿತು. ಅದು ಇಡೀ ಒಂದು ವರ್ಷ ಎಲೆ ಬಿಟ್ಟು ಬೇರೇನೂ ಮಾಡುವುದಿಲ್ಲ. ಮಿಷಿಗನ್ನಿನ ಹಿಮದಡಿ ಚಳಿಗಾಲ ಕಳೆಯುತ್ತದೆ. ಬೇರಿನಲ್ಲಿ ಕೂಡಿಟ್ಟಿದ್ದನ್ನೆಲ್ಲ ಎರಡನೇ ಬೇಸಿಗೆಯಲ್ಲಿ ಒಂದೇ ಕೋಲಿಗೆ ಸುರಿಯುತ್ತದೆ. ಆ ಕೋಲು ಆಳೆತ್ತರ ದಾಟುತ್ತದೆ. ಹೂ ಬಿಟ್ಟು, ಕಾಯಿ ಕಟ್ಟಿ, ಆ ವರ್ಷವೇ ಸಾಯುತ್ತದೆ.

ಪಕ್ಕದ ಮನೆಯಲ್ಲಿ ವಯಸ್ಸಾದ ಒಬ್ಬ ಹೆಂಗಸು ಇದ್ದರು. ಆ ಬೀದಿಯಲ್ಲಿ ಎಲ್ಲರ ಹುಲ್ಲುಹಾಸೂ ಕತ್ತರಿಸಿ ಒಪ್ಪ ಮಾಡಿದ್ದರೆ ಇವರ ಹಿತ್ತಲಲ್ಲಿ ಮಾತ್ರ ನಾಲ್ಕೈದು ಮುಲ್ಲೀನ್ ಕೋಲುಗಳು ನಿಂತಿದ್ದವು. ಅವರ ತಾಯಿಯ ಕಾಲದಿಂದ ಕಿವಿನೋವಿಗೆ ಹೂವಿನ ಎಣ್ಣೆ ಮಾಡುವ ರೂಢಿಯಂತೆ. ನಾನು ಬೇಲಿಯಾಚೆ ನಿಂತು ನೋಡುತ್ತಿದ್ದುದನ್ನು ಕಂಡು ಒಳಗೆ ಕರೆದರು. ಬೆಳಿಗ್ಗೆ ಬಾ, ಮಧ್ಯಾಹ್ನ ಬಂದರೆ ಏನೂ ಇರುವುದಿಲ್ಲ ಎಂದರು.

ಯಾಕೆ ಇರುವುದಿಲ್ಲ ಎಂಬುದು ಬೆಳಿಗ್ಗೆ ಹೋದಾಗ ತಿಳಿಯಿತು. ಒಂದು ಕೋಲಿನಲ್ಲಿ ನೂರಾರು ಮೊಗ್ಗು, ಆದರೆ ಒಟ್ಟಿಗೆ ಅರಳುವ ಉಮೇದಿಲ್ಲ. ಇಲ್ಲೊಂದು, ಅಲ್ಲೆರಡು, ಮೇಲಿನ್ನೊಂದು, ಹೀಗೆ ದಿನಕ್ಕೆ ಕೆಲವು. ಅವೂ ಬೆಳಕು ಹರಿಯುವ ಮೊದಲೇ ಅರಳಿ ಮಧ್ಯಾಹ್ನ ಇಳಿಯುವಾಗ ಮುಚ್ಚಿಕೊಳ್ಳುತ್ತವೆ. ಒಂದು ಹೂವಿಗೆ ಒಂದೇ ದಿನ. ಆ ದಿನ ಯಾವ ಜೇನೂ ಬರಲಿಲ್ಲವೆನ್ನಿ, ಮುಚ್ಚಿಕೊಳ್ಳುವ ಹೊತ್ತಿನಲ್ಲಿ ಕೇಸರಗಳು ಶಲಾಕೆಗೆ ಒತ್ತಿ ಹೂವು ತನ್ನ ಪರಾಗವನ್ನು ತಾನೇ ತಗಲಿಸಿಕೊಳ್ಳುತ್ತದೆ. ಅತಿಥಿಗಾಗಿ ದಿನವಿಡೀ ಬಾಗಿಲು ತೆರೆದಿಟ್ಟು, ಸಂಜೆಗೆ ತಾನೇ ಉಂಡು ಮಲಗುವ ಏರ್ಪಾಡು.

ಅಜ್ಜಿ ಒಂದು ಭೂತಗನ್ನಡಿ ಕೈಗಿತ್ತರು. ಹೂವಿನ ಒಳಗೆ ಐದು ಕೇಸರ. ಮೇಲಿನ ಮೂರರ ಕಡ್ಡಿಗಳಿಗೆ ಬಿಳಿ ಉಣ್ಣೆ, ಕೆಳಗಿನ ಎರಡು ಉದ್ದ, ಹೆಚ್ಚುಕಡಿಮೆ ಬೋಳು. ಎಲೆಯ ಮೇಲೆ ಕನ್ನಡಿ ಇಟ್ಟಾಗ ನಾನು ಮಾತು ನಿಲ್ಲಿಸಿದೆ. ಬರಿಗಣ್ಣಿಗೆ ಉಣ್ಣೆ ಎಂದು ಕಂಡಿದ್ದು ಉಣ್ಣೆಯಾಗಿರಲಿಲ್ಲ. ಒಂದೊಂದು ರೋಮವೂ ಒಂದೊಂದು ಮರ. ನೆಟ್ಟಗೆ ಒಂದು ಕಾಂಡ, ಅದರ ಸುತ್ತ ನಕ್ಷತ್ರವಾಗಿ ಹರಡಿದ ಕೊಂಬೆಗಳು, ಮೇಲೆ ಇನ್ನೊಂದು ಅಂತಸ್ತು, ಅಲ್ಲೂ ಕೊಂಬೆ. ಅಂಥವು ಸಾವಿರ ಸಾವಿರ ಒಂದರೊಳಗೊಂದು ಹೆಣೆದು ಒಂದು ಅಡವಿಯೇ ಎಲೆಯ ಮೇಲೆ ನಿಂತಿದೆ. ಬಿಸಿಲು ಅದರ ಮೇಲೆ ಬಿದ್ದು ಚದುರುತ್ತದೆ, ಒಣಗಾಳಿ ಎಲೆಯ ಚರ್ಮದ ತನಕ ಇಳಿಯುವುದಿಲ್ಲ. ದನ ಬಾಯಿ ಹಾಕಿದರೆ ನಾಲಗೆ ತುಂಬ ನವೆ. ಹುಲ್ಲುಗಾವಲಿನಲ್ಲಿ ಎಲ್ಲವನ್ನೂ ಮೇದು ಮುಗಿಸಿದ ದನಕರುಗಳು ಇದನ್ನು ಮಾತ್ರ ಬಿಟ್ಟು ಹೋಗುತ್ತವೆ.

ಈ ಅಡವಿ ಕಡಿಯುವವರೂ ಇದ್ದಾರೆ. ಯೂರೋಪಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಒಂದು ಒಂಟಿ ದುಂಬಿಜೇನು ಇದೆ, ಇಂಗ್ಲಿಷಿನಲ್ಲಿ ಅದಕ್ಕೆ ಉಣ್ಣೆ ಹಿಂಜುವ ಜೇನು ಎಂಬರ್ಥದ ಹೆಸರು. ಹೆಣ್ಣು ಜೇನು ಇಂಥ ಎಲೆಗಳ ಮೇಲೆ ಕೂತು ದವಡೆಯಿಂದ ರೋಮ ಹೆರೆದು, ಉಂಡೆ ಕಟ್ಟಿ, ಹೊಟ್ಟೆಯಡಿ ಹಿಡಿದು ಹಾರುತ್ತದೆ. ಗೋಡೆಯ ಸಂದಿನಲ್ಲೋ ಟೊಳ್ಳು ಕಡ್ಡಿಯಲ್ಲೋ ಅದನ್ನು ಹಾಸಿ ಮೊಟ್ಟೆ ಇಡುತ್ತದೆ. ಅಜ್ಜಿಯ ಗಿಡದ ಒಂದು ಎಲೆಯಲ್ಲಿ ಬೂದುಬಣ್ಣದ ನಡುವೆ ಕಡುಹಸಿರಿನ ಪಟ್ಟಿಗಳಿದ್ದವು. ಅದೇ ಹೆರೆದ ಗುರುತು ಎಂದರು.

ಹೂ ಕೀಳುವುದು ಕೀಳುವುದೇ ಅಲ್ಲ, ಮುಟ್ಟಿದರೆ ಬರುತ್ತದೆ. ಎಸಳುಗಳೆಲ್ಲ ಬುಡದಲ್ಲಿ ಕೂಡಿಕೊಂಡಿದ್ದು ಕೇಸರ ಸಮೇತ ಇಡಿಯಾಗಿ ಕೈಗಿಳಿಯುತ್ತದೆ, ಕಾಯಿಯಾಗುವ ಭಾಗ ಗಿಡದಲ್ಲೇ ಉಳಿಯುತ್ತದೆ. ದಿನಕ್ಕೊಂದು ಹಿಡಿಯಾಗುವುದೂ ಕಷ್ಟ. ತಂದಿದ್ದನ್ನು ಬಟ್ಟೆಯ ಮೇಲೆ ಹರಡಿ ಬಾಡಿಸಬೇಕು, ನೀರಿನ ಪಸೆ ಉಳಿದರೆ ಎಣ್ಣೆ ಕೆಡುತ್ತದೆ. ಬಾಡಿದ ಹೂವನ್ನು ಗಾಜಿನ ಬಾಟಲಿಗೆ ಹಾಕಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿ, ಮರುದಿನದ ಹೂ ಮರುದಿನ ಸೇರಿಸುತ್ತ, ಕೆಲವು ವಾರ ಬಿಟ್ಟು ಸೋಸುವುದು. ಒಂದು ಚಿಕ್ಕ ಬಾಟಲಿ ಎಣ್ಣೆಗೆ ಇಡೀ ಜುಲೈ ತಿಂಗಳ ಬೆಳಗುಗಳು ಖರ್ಚು. ಅಂಗಡಿಯ ಕಿವಿ ಹನಿ ಐದು ನಿಮಿಷದಲ್ಲಿ ಸಿಗುತ್ತದಲ್ಲ ಎಂದು ನನ್ನ ಹುಡುಗಿ ಕೇಳಿದಳು. ಅಜ್ಜಿ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಎಣ್ಣೆ ಕೆಲಸ ಮಾಡುತ್ತದೆಯೇ? 2001ರಲ್ಲಿ ಇಸ್ರೇಲಿನ ವೈದ್ಯರು ಕಿವಿ ಸೋಂಕಿನ ನೋವಿದ್ದ ನೂರಾ ಮೂರು ಮಕ್ಕಳ ಮೇಲೆ ಇದನ್ನು ನೋಡಿದರು. ಮುಲ್ಲೀನ್ ಜೊತೆ ಬೆಳ್ಳುಳ್ಳಿ, ಕ್ಯಾಲೆಂಡುಲ, ಸೇಂಟ್ ಜಾನ್ಸ್ ವರ್ಟ್ ಸೇರಿಸಿದ ಎಣ್ಣೆ ಒಂದು ಗುಂಪಿಗೆ, ಮರಗಟ್ಟಿಸುವ ಔಷಧದ ಹನಿ ಇನ್ನೊಂದಕ್ಕೆ. ನೋವು ಎರಡರಲ್ಲೂ ಸುಮಾರು ಒಂದೇ ರೀತಿ ಇಳಿಯಿತು. ಅದೇ ತಂಡ ಎರಡು ವರ್ಷದ ನಂತರ ಇನ್ನೂ ಹೆಚ್ಚು ಮಕ್ಕಳನ್ನು ನೋಡಿ, ಎಣ್ಣೆ ಒಳ್ಳೆಯದೇ, ಆದರೆ ಈ ನೋವಿನ ಬಹುಪಾಲು ಕಾಲ ಕಳೆದಂತೆ ತಾನಾಗಿ ಇಳಿಯುತ್ತದೆ ಎಂದೂ ಬರೆಯಿತು. ನನಗೆ ಆ ಎರಡನೇ ವಾಕ್ಯದ ಮೇಲೆ ಗೌರವ. ಕಿವಿಯ ತಮಟೆ ಹರಿದಿದ್ದರೆ, ಕೀವು ಸೋರುತ್ತಿದ್ದರೆ ಯಾವ ಎಣ್ಣೆಯನ್ನೂ ಬಿಡಬಾರದು ಎಂಬುದನ್ನಂತೂ ಅಜ್ಜಿಯೂ ಹೇಳಿದರು, ನಮ್ಮೂರ ಡಾಕ್ಟರೂ ಹೇಳುತ್ತಾರೆ.

ಕಿವಿಗಿಂತ ಹಳೆಯ ಕಥೆ ಎದೆಯದು. ನನ್ನನ್ನು ಕಾಡಿದ ಬೆರಗೂ ಅದೇ. ಮೊದಲನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಇದನ್ನು ಹಳೆಯ ಕೆಮ್ಮಿಗೆ ಹೇಳಿದ್ದಾನೆ. ಇದರ ಒಂದು ಬಗೆಯ ಎಲೆಯನ್ನು ದೀಪದ ಬತ್ತಿಗೆ ಬಳಸುತ್ತಿದ್ದರೆಂದೂ ಬರೆದಿದ್ದಾನೆ. ನಮ್ಮಲ್ಲಿ ಎಕ್ಕದ ಅರಳೆಯಿಂದ ಬತ್ತಿ ಹೊಸೆಯುವವರಿಗೆ ಅದು ಅರ್ಥವಾಗುತ್ತದೆ. ಒಣಗಿದ ಕೋಲನ್ನು ಕೊಬ್ಬಿನಲ್ಲಿ ಅದ್ದಿ ಪಂಜು ಮಾಡುತ್ತಿದ್ದರು. ಯೂರೋಪಿನ ರೈತರು ದನಗಳ ಕೆಮ್ಮಿಗೂ ಇದನ್ನೇ ಕೊಡುತ್ತಿದ್ದರು. ಐರ್ಲೆಂಡಿನಲ್ಲಿ ಕ್ಷಯಕ್ಕೆ ಇದೇ ಮದ್ದೆಂದು ತೋಟದಲ್ಲಿ ಬೆಳೆಸುತ್ತಿದ್ದರು, ಎಲೆಯನ್ನು ಹಾಲಿನಲ್ಲಿ ಕುದಿಸಿ ಸೋಸಿ ಬಿಸಿಬಿಸಿಯಾಗಿ ಕುಡಿಸುತ್ತಿದ್ದರು. ಡಬ್ಲಿನ್ನಿನ ಕ್ವಿನ್ಲನ್ ಎಂಬ ವೈದ್ಯರು ಹಳ್ಳಿಗರ ಈ ನಂಬಿಕೆಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿ 1883ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ರೋಗದ ಆರಂಭದಲ್ಲಿದ್ದವರು ತೂಕ ಗಳಿಸಿದ್ದನ್ನು ಕಂಡಿದ್ದರು. ಅದರ ಹಿಂದಿನ ವರ್ಷವಷ್ಟೇ ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಿದ್ದ. ಕಾರಣ ಗೊತ್ತಾಗಿತ್ತು, ಮದ್ದು ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಅರುವತ್ತು ವರ್ಷ ಬೇಕಿತ್ತು. ಆ ಅರುವತ್ತು ವರ್ಷ ಒಬ್ಬ ತಾಯಿ ಏನು ಮಾಡಬೇಕಿತ್ತು? ಹಾಲು ಕಾಯಿಸಬೇಕಿತ್ತು, ಎಲೆ ಹಾಕಬೇಕಿತ್ತು. ತೂಕ ಬಂದದ್ದು ಎಲೆಯಿಂದಲೋ ಹಾಲಿನಿಂದಲೋ ಎಂದು ಇಂದು ನಾವು ಹುಬ್ಬೇರಿಸಬಹುದು.

ಅಮೆರಿಕಕ್ಕೆ ಈ ಗಿಡ ಹೊಸದು. ಯೂರೋಪಿನಿಂದ ಹೋದವರ ಜೊತೆ ಹೋಯಿತು. ವರ್ಜೀನಿಯದ ಬೆಟ್ಟಗಳಲ್ಲಿ 18ನೇ ಶತಮಾನದಲ್ಲಿ ಇದರ ಬೀಜ ಜಜ್ಜಿ ನೀರಿಗೆ ಹಾಕಿ ಮೀನು ಮಂಕು ಮಾಡುತ್ತಿದ್ದರು, ನಮ್ಮ ಕಡೆ ಹಳ್ಳಕ್ಕೆ ಕಾರೆಕಾಯಿ ಹಾಕುತ್ತಿದ್ದರಲ್ಲ, ಅದೇ ಉಪಾಯ. (ಬೀಜವನ್ನು ಮನೆಮದ್ದಿಗೆ ಮುಟ್ಟಬಾರದು ಎನ್ನುವುದು ಇದಕ್ಕೇ.) 1818ರ ಹೊತ್ತಿಗೆ ಎಷ್ಟು ಹಬ್ಬಿತ್ತೆಂದರೆ ಅಮೋಸ್ ಈಟನ್ ಎಂಬ ಸಸ್ಯವಿಜ್ಞಾನಿ ಇದು ಇಲ್ಲಿಯದೇ ಗಿಡ ಎಂದುಕೊಂಡ. 1839ಕ್ಕೆ ಮಿಷಿಗನ್, 1876ಕ್ಕೆ ಶಾಂತಸಾಗರದ ದಂಡೆ. ಪೂರ್ವ ಕರಾವಳಿಯ ಮೊಹಿಗನ್, ಪೆನಾಬ್‌ಸ್ಕಾಟ್ ಜನ ಈ ಪರದೇಶಿ ಎಲೆಯನ್ನು ಒಣಗಿಸಿ ಉಬ್ಬಸಕ್ಕೆ ಸೇದುವ ರೂಢಿ ಮಾಡಿಕೊಂಡರು. ಇತ್ತ ಕಾಶ್ಮೀರದಿಂದ ಭೂತಾನದವರೆಗಿನ ಹಿಮಾಲಯದ ಇಳಿಜಾರುಗಳಲ್ಲಿ ಇದೇ ಗಿಡ ತಾನೇ ತಾನಾಗಿ ಬೆಳೆಯುತ್ತದೆ, ಹಿಂದಿ ಸೀಮೆಯಲ್ಲಿ ಗೀದಡ್ ತಂಬಾಕು, ಅಂದರೆ ನರಿ ಹೊಗೆಸೊಪ್ಪು. ಅಲ್ಲೂ ಕೆಮ್ಮಿಗೆ, ಅಲ್ಲೂ ದಮ್ಮಿಗೆ.

ಗ್ರೀಕ್ ವೈದ್ಯ, ಐರಿಷ್ ತಾಯಿ, ಮೊಹಿಗನ್ ಮುದುಕ, ಗಢ್ವಾಲದ ಕುರಿಗಾಹಿ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಎಲ್ಲರೂ ಒಂದೇ ಎಲೆ ಹಿಡಿದು ಒಂದೇ ಅಂಗವನ್ನು ತೋರಿಸುತ್ತಾರೆ: ಶ್ವಾಸಕೋಶ.

ಇದನ್ನು ಕೇಳಿದ ಕೂಡಲೇ, ನೋಡಿ, ಅಷ್ಟು ಜನ ಹೇಳಿದ ಮೇಲೆ ಸುಳ್ಳಿದ್ದೀತೇ ಎನ್ನುವ ಉತ್ಸಾಹ ಬರುತ್ತದೆ. ನನಗೂ ಬಂತು. ಆದರೆ ಎಲ್ಲರೂ ಸೇರಿ ತಪ್ಪು ಮಾಡುವುದೂ ಮನುಷ್ಯರಲ್ಲಿ ಹೊಸದಲ್ಲ. ಎಲೆಯಲ್ಲಿ ಲೋಳೆ ಇದೆ, ಅದು ಕೆರೆಯುವ ಗಂಟಲಿಗೆ ಲೇಪವಾಗುತ್ತದೆ, ಇಷ್ಟು ನಿಜ. ಅಂಟುವಾಳದಲ್ಲಿರುವಂಥ ನೊರೆಯ ಅಂಶ, ಸಪೋನಿನ್, ಇದರಲ್ಲೂ ಇದೆ. ಅದು ಕಫ ಸಡಿಲಿಸುತ್ತದೆ ಎಂಬ ವಿವರಣೆ ಇದೆ. ಯೂರೋಪಿನ ಔಷಧ ಸಂಸ್ಥೆ ಇದರ ಹೂವಿನ ಚಹಾವನ್ನು ಒಣಕೆಮ್ಮು, ನೆಗಡಿಯ ಗಂಟಲುನೋವಿಗೆ ಒಪ್ಪಿದೆ, ಒಪ್ಪಿದ ಆಧಾರ ಮಾತ್ರ ದೀರ್ಘಕಾಲದ ಬಳಕೆ, ರೋಗಿಗಳ ಮೇಲಿನ ಪರೀಕ್ಷೆಯಲ್ಲ. ಬೆಚ್ಚನೆಯ ಎಲೆ ಎದೆಗೆ ಬೆಚ್ಚಗೆ ಎಂಬ ಹಳಬರ ಊಹೆಯೂ ಹಿನ್ನೆಲೆಯಲ್ಲಿ ಕೆಲಸ ಮಾಡಿರಬಹುದು.

ಹೊಗೆ ಸೇದಿ ಉಬ್ಬಸ ವಾಸಿ ಮಾಡಿಕೊಳ್ಳುವ ಮಾತಂತೂ ನನಗೆ ಒಪ್ಪಿಗೆಯಿಲ್ಲ. ಹಾಗೆಂದು ನಗುವ ಹಾಗೂ ಇಲ್ಲ, ಯಾಕೆಂದರೆ ಆ ಹೊಗೆಯಲ್ಲಿ ನಮ್ಮ ಪಾಲೂ ಇದೆ. 1802ರಲ್ಲಿ ಮದ್ರಾಸಿನ ಇಂಗ್ಲಿಷ್ ಅಧಿಕಾರಿಯೊಬ್ಬ ಇಲ್ಲಿಯವರು ದಮ್ಮಿಗೆ ಉಮ್ಮತ್ತಿ ಸೇದುವುದನ್ನು ಕಲಿತು ಇಂಗ್ಲೆಂಡಿಗೆ ಒಯ್ದ. ಮುಂದೆ ನೂರು ವರ್ಷಕ್ಕೂ ಮೇಲ್ಪಟ್ಟು ಉಬ್ಬಸದ ಸಿಗರೇಟು ಎಂಬ ಹೆಸರಿನಲ್ಲಿ ಯೂರೋಪಿನ ಔಷಧಿ ಅಂಗಡಿಗಳಲ್ಲಿ ಅದರ ಜಾತಿಯ ಎಲೆ ಮಾರಾಟವಾಯಿತು. ಉಮ್ಮತ್ತಿಯಲ್ಲಿ ಶ್ವಾಸನಾಳ ಸಡಿಲಿಸುವ ಆಟ್ರೊಪೀನ್ ಇದೆ, ಜೊತೆಗೆ ತಲೆ ಕೆಡಿಸುವ ಗುಣವೂ ಇದೆ. ಮುಲ್ಲೀನಿನಲ್ಲಿ ಆ ವಸ್ತುವಿಲ್ಲ. ಅದರ ಹೊಗೆ ಬರೀ ಹೊಗೆ.

ಕಷಾಯ ಬೇರೆ ಮಾತು. ರೈಲು ಹಳಿಯ ಪಕ್ಕದ್ದನ್ನು ಕೀಳಲಿಲ್ಲ. ಹಳಿಯುದ್ದಕ್ಕೂ ಕಳೆನಾಶಕ ಹೊಡೆಯುತ್ತಾರೆ, ರಸ್ತೆಬದಿಯ ಮಣ್ಣಿನಲ್ಲಿ ಹಳೆಯ ಪೆಟ್ರೋಲಿನ ಸೀಸ ಕೂತಿರುತ್ತದೆ. ಅಜ್ಜಿಯ ಹಿತ್ತಲಿನ ಮೊದಲ ವರ್ಷದ ಗಿಡದಿಂದ ಕೆಲವು ಎಲೆ ತಂದೆ. ನಡುನರ ದಪ್ಪ, ಅದು ಒಣಗುವಷ್ಟರಲ್ಲಿ ಬೂಸ್ಟು ಬರುತ್ತದೆ, ಅದನ್ನು ತೆಗೆದು ಉಳಿದದ್ದನ್ನು ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೂ ಮೆತ್ತಗೇ ಇರುತ್ತದೆ, ಪುಡಿಯಾಗುವುದಿಲ್ಲ, ಹಿಂಜಿದರೆ ಅರಳೆಯಾಗುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದೆರಡು ಚಮಚ ಹಾಕಿ ಮುಚ್ಚಿಟ್ಟು ಹತ್ತು ನಿಮಿಷ. ಆಮೇಲೆ ಬರುತ್ತದೆ ನಿಜವಾದ ಕೆಲಸ: ಸೋಸುವುದು. ಟೀ ಸೋಸುವ ಜರಡಿ ಇದಕ್ಕೆ ಸಾಲದು. ಭೂತಗನ್ನಡಿಯಲ್ಲಿ ಕಂಡ ಆ ಮರಗಳೆಲ್ಲ ನೀರಿಗಿಳಿದಿರುತ್ತವೆ, ಒಂದು ಗುಟುಕಿನಲ್ಲಿ ಹೋದರೆ ಇಲ್ಲದ ಕೆಮ್ಮು ಹುಟ್ಟುತ್ತದೆ. ಹಳೆ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಬಣ್ಣ ತೆಳು ಹಳದಿ. ರುಚಿ ಹುಲ್ಲಿನದು, ಕೊನೆಯಲ್ಲಿ ಒಂಚೂರು ಕಹಿ. ಮೆಣಸು, ಜೀರಿಗೆ, ಬೆಲ್ಲ ಬಿದ್ದ ನಮ್ಮ ಕಷಾಯದ ಮುಂದೆ ಬಹಳ ಸಪ್ಪೆ, ಸುಳ್ಳೇಕೆ ಹೇಳಲಿ.

"ಕೆಮ್ಮು ಕಡಿಮೆ ಆಯ್ತಾ ಚಿಕ್ಕಮ್ಮ?"

"ಆಯ್ತು. ಕುಡೀದಿದ್ರೂ ಆಗ್ತಿತ್ತೇನೋ."

ಗಂಟಲು ಕೆರೆತ ನಿಂತು ರಾತ್ರಿ ನಿದ್ದೆ ಬಂತು, ಇಷ್ಟನ್ನು ಎಲೆಯ ಖಾತೆಗೆ ಬರೆಯಬಲ್ಲೆ. ಎರಡು ವಾರ ದಾಟಿದ ಕೆಮ್ಮಿಗೆ ಊರಿನಲ್ಲಿ ಆಶಾ ಕಾರ್ಯಕರ್ತೆ ಕಫ ಪರೀಕ್ಷೆ ಮಾಡಿಸಿ ಎನ್ನುತ್ತಾಳೆ, ಅವಳ ಮಾತಿನ ಮುಂದೆ ಯಾವ ಸೊಪ್ಪಿನ ಮಾತೂ ನಡೆಯಬಾರದು. ಔಷಧವಾಗಿ ಮುಲ್ಲೀನ್ ಸಾಧಾರಣ. ಆದರೆ ಕೆಮ್ಮಿನ ನೆಪ ಇಲ್ಲದಿದ್ದರೆ ನಾನು ಆ ಎಲೆಯನ್ನು ತಿರುವಿ ನೋಡುತ್ತಿರಲಿಲ್ಲ, ರೋಮದ ಅಡವಿ ಕಾಣುತ್ತಿರಲಿಲ್ಲ. ಜಗತ್ತಿನ ಬಹುಪಾಲು ಗಿಡಗಳನ್ನು ಮನುಷ್ಯ ಮೊದಲು ಹತ್ತಿರದಿಂದ ನೋಡಿದ್ದು ಹೀಗೇ ಇರಬೇಕು, ತನ್ನ ಯಾವುದೋ ನೋವಿಗೆ. ನೋವು ಕೇಳಿದ್ದು ಒಂದು ಗುಟುಕು, ನೋಟಕ್ಕೆ ಸಿಕ್ಕಿದ್ದು ಅದಕ್ಕಿಂತ ಬಹಳ ಹೆಚ್ಚು.

ಸಿಕ್ಕಿದ್ದರಲ್ಲಿ ಬೀಜದ ಕಥೆಯೊಂದಿದೆ. ಒಂದು ಗಿಡ ಒಂದು ಲಕ್ಷಕ್ಕೂ ಮೀರಿ ಬೀಜ ಬಿಡುತ್ತದೆ. ರೆಕ್ಕೆಯಿಲ್ಲ, ಮುಳ್ಳಿಲ್ಲ, ಹಕ್ಕಿಗೆ ತಿನ್ನಲು ತಿರುಳಿಲ್ಲ. ಗಾಳಿಗೆ ಕೋಲು ಅಲುಗಿದಾಗ ತಾಯಿಯ ಸುತ್ತ ಕೆಲವು ಮೀಟರಿನಲ್ಲೇ ಉದುರುತ್ತವೆ. ದೂರ ಹೋಗಲಾರದ ಈ ಗಿಡ ಮುಂದಕ್ಕೆ ಹೋಗುವ ದಾರಿಯನ್ನು ಕಾಲದಲ್ಲಿ ಹುಡುಕಿಕೊಂಡಿದೆ. ಸುತ್ತ ಹುಲ್ಲು, ಮರ ಎದ್ದು ನೆರಳಾದರೆ ಮುಲ್ಲೀನ್ ಕಾಣೆಯಾಗುತ್ತದೆ, ಬೀಜ ಮಣ್ಣೊಳಗೆ ಕೂತಿರುತ್ತದೆ. ಕಾಡಿಗೆ ಬೆಂಕಿ ಬಿದ್ದೋ ರಸ್ತೆಗೆಂದು ಮಣ್ಣು ಅಗೆದೋ ಬೆಳಕು ತಾಗಿದ ದಿನ ಮೊಳೆಯುತ್ತದೆ. ಕೊಲೊರಾಡೊ, ಹವಾಯಿ ರಾಜ್ಯಗಳು ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿರುವುದರ ಹಿಂದೆ ಈ ಹಟವೂ ಇದೆ.

ಎಷ್ಟು ಕಾಲ ಕೂತಿರಬಲ್ಲದು ಎಂ­ಬುದಕ್ಕೆ ಉತ್ತರ ಹುಡುಗಿಯ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರದಲ್ಲೇ ಇತ್ತು. ಈಸ್ಟ್ ಲ್ಯಾನ್ಸಿಂಗ್‌ನ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೆಡ್ ಸೀಡರ್ ಹೊಳೆಯ ದಂಡೆಗೆ ಒಂದು ಸಸ್ಯೋದ್ಯಾನವಿದೆ, 1873ರಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಪ್ರಾಧ್ಯಾಪಕ ಶುರು ಮಾಡಿದ್ದು. ರೈತರು ಅವನನ್ನು ಕೇಳುತ್ತಿದ್ದ ಪ್ರಶ್ನೆ ನಮ್ಮ ರೈತರೂ ಕೇಳುವಂಥದ್ದೇ: ಎಷ್ಟು ವರ್ಷ ಕಿತ್ತರೆ ಈ ಕಳೆ ಮುಗಿಯುತ್ತದೆ? 1879ರಲ್ಲಿ ಅವನು ಇಪ್ಪತ್ತು ಬಾಟಲಿ ತೆಗೆದುಕೊಂಡು, ಒಂದೊಂದರಲ್ಲೂ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಕಳೆಬೀಜಗಳನ್ನು ಜಾತಿಗೆ ಐವತ್ತರಂತೆ ಒದ್ದೆ ಮರಳಿನಲ್ಲಿ ಕಲಸಿ, ನೀರು ನಿಲ್ಲದಂತೆ ಬಾಯಿ ಕೆಳಗೆ ಮಾಡಿ ಹೂತ. ಐದು ವರ್ಷಕ್ಕೊಂದು ತೆಗೆಯುವ ಲೆಕ್ಕ. ಬೀಜಗಳು ಸಾಯಲು ಒಪ್ಪದ್ದರಿಂದ ಮುಂದೆ ಅದು ಹತ್ತಾಯಿತು, ಆಮೇಲೆ ಇಪ್ಪತ್ತಾಯಿತು. ಬೀಲ್ ಸತ್ತ. ಅವನ ನಂತರದವರು ನಿವೃತ್ತರಾಗುತ್ತ, ಜಾಗದ ನಕ್ಷೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದರು. ಜಾಗ ಗುಟ್ಟು.

2020ರಲ್ಲಿ ತೆಗೆಯಬೇಕಿದ್ದ ಬಾಟಲಿ ಕೋವಿಡ್‌ನಿಂದ ಒಂದು ವರ್ಷ ತಡವಾಗಿ, 2021ರ ಏಪ್ರಿಲ್‌ನಲ್ಲಿ ಹೊರಬಂತು. ಬೆಳಕು ಬಿದ್ದರೆ ಬೀಜ ಮೊಳಕೆಗೆ ಹೊರಡುತ್ತದೆಂದು ಸಸ್ಯವಿಜ್ಞಾನಿಗಳು ಬೆಳಗಿನ ಜಾವದ ಕತ್ತಲಲ್ಲಿ, ಹಣೆಗೆ ಹಸಿರು ದೀಪ ಕಟ್ಟಿಕೊಂಡು ಅಗೆದರು. ನೂರಾ ನಲವತ್ತು ವರ್ಷ ದಾಟಿದ್ದ ಆ ಮರಳಿನಿಂದ ಇಪ್ಪತ್ತು ಮೊಳಕೆ ಎದ್ದವು. ಎಲ್ಲವೂ ಮುಲ್ಲೀನ್ ಕುಲದವು, ಮಾತ್ ಮುಲ್ಲೀನ್ ಎಂಬ ಸೋದರ ಜಾತಿ. ಡಿಎನ್‌ಎ ನೋಡಿದಾಗ ಒಂದು ಮಾತ್ರ ಆ ಜಾತಿಗೂ ನಮ್ಮ ಉಣ್ಣೆಯ ಮುಲ್ಲೀನಿಗೂ ಹುಟ್ಟಿದ ಬೆರಕೆ ಎಂದು ತಿಳಿಯಿತು. ಉಳಿದ ಜಾತಿಗಳೆಲ್ಲ ಮೌನ. ಇನ್ನೂ ನಾಲ್ಕು ಬಾಟಲಿ ಮಣ್ಣಿನಲ್ಲಿವೆ. ಮುಂದಿನದು 2040, ಕೊನೆಯದು 2100. ಕಳೆ ಎಷ್ಟು ವರ್ಷಕ್ಕೆ ಮುಗಿಯುತ್ತದೆ ಎಂದ ರೈತನಿಗೆ ಇಷ್ಟು ನಿಧಾನವಾಗಿ ಉತ್ತರ ಕೊಟ್ಟ ಮೇಷ್ಟರು ಇನ್ನೊಬ್ಬರಿರಲಾರರು.

ಊರಿಗೆ ಹೊರಡುವ ಮೊದಲು ಅಜ್ಜಿ ಬೀಜ ಕೊಡಲು ಬಂದರು. ಬೇಡವೆಂದೆ. ಇಷ್ಟು ಕಾಯಬಲ್ಲದ್ದನ್ನು ಇನ್ನೊಂದು ನೆಲಕ್ಕೆ ಒಯ್ಯುವ ಧೈರ್ಯ ನನಗಿಲ್ಲ; ಲಂಟಾನ, ಯುಪಟೋರಿಯಂ ಹೊಕ್ಕ ಬೆಟ್ಟವನ್ನು ಕಂಡವಳು ನಾನು. ಕೆಮ್ಮಿಗೆ ನಮ್ಮ ಬೇಲಿಯಲ್ಲಿ ಆಡುಸೋಗೆ ಇದೆ. ಅದರಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಮಾಡಿದ್ದು, ಅದರಿಂದ ಆಂಬ್ರಾಕ್ಸಾಲ್ ಬಂದದ್ದು. ಮೆಡಿಕಲ್ ಶಾಪಿನ ಕಫದ ಸಿರಪ್ ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಆ ಹೆಸರುಗಳಿರುತ್ತವೆ. ದನ ಮುಟ್ಟದ, ವಾಸನೆಯ, ಅಗ್ಗದ ಬೇಲಿಗಿಡ. ಅದರ ಎಲೆಯ ಮೇಲೆ ಒಂದು ದಿನವೂ ಭೂತಗನ್ನಡಿ ಇಟ್ಟವಳಲ್ಲ.

ಮುಲ್ಲೀನಿನ ಬಂಧುವೊಂದು ನಮ್ಮಲ್ಲೇ ಇದೆ ಎಂಬುದೂ ಅಲ್ಲಿ ಕೂತು ಓದುವಾಗ ತಿಳಿಯಿತು. ವರ್ಬ್ಯಾಸ್ಕಮ್ ಚೈನೆನ್ಸ್. ಕೊಯ್ಲಾದ ಗದ್ದೆ, ಹೊಳೆದಂಡೆ, ಹಳೆ ಗೋಡೆಗಳಲ್ಲಿ ಚಳಿಗಾಲದ ಹೊತ್ತಿಗೆ ಸಣ್ಣ ಹಳದಿ ಹೂ ಬಿಡುವ ಬಡಕಲು ಗಿಡ, ಆ ಪರಿಯ ಉಣ್ಣೆಯಿಲ್ಲ. ಹೂವಿನಲ್ಲಿ ಐದರ ಬದಲು ನಾಲ್ಕೇ ಕೇಸರ. ಆ ಒಂದು ಕೇಸರದ ಕೊರತೆಗೆ ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ಸೆಲ್ಸಿಯ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಮನಸ್ಸು ಬದಲಿಸಿ ಬಳಗಕ್ಕೆ ಸೇರಿಸಿಕೊಂಡರು. ನಾನು ಅದನ್ನು ಎಷ್ಟು ಸಲ ತುಳಿದು ದಾಟಿದ್ದೇನೋ. ಡಿಸೆಂಬರಿನಲ್ಲಿ ಗದ್ದೆ ಬಯಲಿಗೆ ಹೋಗುವಾಗ ಕೊಳ್ಳಬೇಕಾದ ಸಾಮಾನು ಒಂದೇ, ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಭೂತಗನ್ನಡಿ. ನಾಲ್ಕು ಕೇಸರದಲ್ಲಿ ಎಷ್ಟಕ್ಕೆ ಗಡ್ಡವಿದೆ, ಬಣ್ಣ ಯಾವುದು, ಹೂವು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ನೋಡಬೇಕು.